ಬೀಳ್ಕೊಡುಗೆಯ ಮರುದಿನ

ಫೆಬ್ರವರಿ ತಿಂಗಳು ಬಂತೆಂದರೆ ನಮ್ಮ ಕರಾವಳಿಯ ಪ್ರೌಢಶಾಲೆಗಳಲ್ಲಿ ಬೀಳ್ಕೊಡುಗೆ ಸಮಾರಂಭಗಳ ಸಾಲು ಆರಂಭವಾಗುತ್ತದೆ. ಒಂಬತ್ತನೆಯ ತರಗತಿಯ ಮಕ್ಕಳು ಬಣ್ಣದ ಕಾಗದ ಕತ್ತರಿಸಿ ಸಭಾಂಗಣವನ್ನು ಸಿಂಗರಿಸುತ್ತಾರೆ. ಹತ್ತನೆಯ ತರಗತಿಯ ಬಾಲಕಿಯರು ಅಂದು ತಾಯಿಯ ಸೀರೆಯುಟ್ಟು, ನೆರಿಗೆ ಜಾರೀತೆಂಬ ಭಯದಿಂದ ಹೆಜ್ಜೆಯ ಮೇಲೆ ಹೆಜ್ಜೆಯಿಡುತ್ತಾ ಬರುತ್ತಾರೆ. ಬಾಲಕರು ತಲೆ ಬಾಚಿಕೊಂಡು ಬಂದಿರುವುದೇ ಒಂದು ವಿಶೇಷ. ಬೆಳಿಗ್ಗೆ ದೇವಾಲಯದಲ್ಲಿ ಬಲಿಪೂಜೆ, ಲೇಖನಿಗಳ ಆಶೀರ್ವಾದ, ಬಳಿಕ ಸಭೆ. ಮುಖ್ಯೋಪಾಧ್ಯಾಯಿನಿ ಧರ್ಮಭಗಿನಿಯವರು ದೊಡ್ಡ ದೀಪದಿಂದ ಒಂದು ಮೇಣದ ಬತ್ತಿಯನ್ನು ಹಚ್ಚಿ ಮೊದಲ ವಿದ್ಯಾರ್ಥಿಗೆ ಕೊಟ್ಟರೆ, ಆ ಬೆಳಕು ಒಬ್ಬರಿಂದೊಬ್ಬರಿಗೆ ಸಾಗಿ ಕೊನೆಯ ಸಾಲನ್ನು ತಲುಪುತ್ತದೆ. ಆ ಹೊತ್ತಿಗೆ ಯಾರೋ ಒಬ್ಬಳು ಬಿಕ್ಕುತ್ತಾಳೆ. ಅವಳ ಹಿಂದೆಯೇ ಇಡೀ ಬೆಂಚು ಅಳುತ್ತದೆ.

ಈಚೆಗೆ ಪಟ್ಟಣದ ಕೆಲವು ಶಿಶುವಿಹಾರಗಳಲ್ಲಿಯೂ ಪುಟಾಣಿಗಳಿಗೆ ಕರಿಯ ನಿಲುವಂಗಿ, ಚೌಕದ ಟೊಪ್ಪಿ ತೊಡಿಸಿ ಪದವಿ ಪ್ರದಾನ ನಡೆಸುವುದನ್ನು ಕಂಡಿದ್ದೇನೆ. ಮೂಗು ಒರೆಸಿಕೊಳ್ಳಲೂ ಬಾರದ ಪದವೀಧರರು! ಅದು ಹೆತ್ತವರ ಸಂತೋಷಕ್ಕಾಗಿ ಇರಬಹುದು, ಇರಲಿ. ಆದರೆ ನಮ್ಮ ಹಳ್ಳಿಯ ಶಾಲೆಗಳ ಬೀಳ್ಕೊಡುಗೆಯಲ್ಲಿರುವ ಅರ್ಥ ಆ ಟೊಪ್ಪಿಯಲ್ಲಿಲ್ಲ. ನಮ್ಮ ಭಾಷೆಯಲ್ಲಿ ಹೊರಡುವವನು ಬೀಳ್ಕೊಳ್ಳುತ್ತಾನೆ, ಉಳಿಯುವವನು ಬೀಳ್ಕೊಡುತ್ತಾನೆ. ಕೊಳ್ಳುವುದೊಂದು, ಕೊಡುವುದೊಂದು. ಇಷ್ಟು ವರ್ಷಗಳಿಂದ ಈ ವೇದಿಕೆಗಳ ಮೇಲೆ ಕುಳಿತು ಹೊರಡುವವರಿಗೆ ಉಪದೇಶ ನೀಡಿದ ನಾನು, ಉಳಿಯುವವರ ಪಾಲಿನ ವಿಷಯವನ್ನು ಯೋಚಿಸಿದ್ದು ತೀರ ಇತ್ತೀಚೆಗೆ. ಅದಕ್ಕೆ ಕಾರಣವಾದ ಸಂಗತಿಯನ್ನು ಪ್ರಿಯ ಓದುಗರ ಮುಂದಿಡಬಯಸುತ್ತೇನೆ.

2025ರ ಮೇ 2ರಂದು ಎಸ್ಸೆಸ್ಸೆಲ್ಸಿ ಫಲಿತಾಂಶ ಪ್ರಕಟವಾಯಿತು. ದಕ್ಷಿಣ ಕನ್ನಡ ಜಿಲ್ಲೆ ಶೇಕಡಾ 91.12 ಫಲಿತಾಂಶದೊಂದಿಗೆ ರಾಜ್ಯಕ್ಕೆ ಪ್ರಥಮ ಸ್ಥಾನ ಪಡೆದಿತ್ತು. ಹಿಂದಿನ ವರ್ಷ ಶೇಕಡಾ 94ರೊಂದಿಗೆ ಆ ಸ್ಥಾನ ಉಡುಪಿಯದಾಗಿತ್ತು. ಊರೆಲ್ಲ ಸಂಭ್ರಮಿಸಿತು, ಸಂಚಾಲಕನಾದ ನಾನೂ ಸಂಭ್ರಮಿಸಿದೆ. ನಮ್ಮ ಶಾಲೆಯಿಂದ ಪರೀಕ್ಷೆಗೆ ಕುಳಿತ 43 ಮಂದಿಯಲ್ಲಿ 40 ಮಂದಿ ತೇರ್ಗಡೆಯಾಗಿದ್ದರು. 625 ಅಂಕಗಳಲ್ಲಿ ಆರುನೂರರ ಗಡಿ ದಾಟಿದ ಇಬ್ಬರು ಬಾಲಕಿಯರ ಭಾವಚಿತ್ರಗಳುಳ್ಳ ದೊಡ್ಡ ಫ್ಲೆಕ್ಸ್ ಅನ್ನು ಪೇಟೆಯ ಕೂಡುರಸ್ತೆಯಲ್ಲಿ ಕಟ್ಟಿಸಿದೆವು. ಭಾನುವಾರದ ಬಲಿಪೂಜೆಯ ಕೊನೆಯಲ್ಲಿ ಅವರನ್ನು ಮುಂದಕ್ಕೆ ಕರೆದು ಹೂ ಕೊಟ್ಟೆನು. ಸಭೆ ಚಪ್ಪಾಳೆ ತಟ್ಟಿತು. ಉಳಿದ ಮೂವರ ಹೆಸರುಗಳು ನನ್ನ ಮೇಜಿನ ಮೇಲಿದ್ದ ಪಟ್ಟಿಯಲ್ಲಿದ್ದವು. ಅವುಗಳ ಮುಂದೆ ಕೆಂಪು ಗೆರೆಯಿತ್ತು. ಪಟ್ಟಿಯನ್ನು ಮಡಚಿ ಕಡತದೊಳಗಿಟ್ಟೆನು.

ಆ ಮೂವರಲ್ಲಿ ಒಬ್ಬನು ಆರು ವರ್ಷಗಳಿಂದ ಬಲಿಪೀಠದ ಸೇವಕನಾಗಿದ್ದ ಹುಡುಗ. ಮುಂದಿನ ಭಾನುವಾರ ಆತನು ಬರಲಿಲ್ಲ. ಅದರ ಮುಂದಿನ ಭಾನುವಾರವೂ ಬರಲಿಲ್ಲ. ಮೇ ತಿಂಗಳ ಮದುವೆಗಳ ಗಡಿಬಿಡಿಯಲ್ಲಿ ನಾನದನ್ನು ಗಮನಿಸಿದೆನೇ ಹೊರತು ವಿಚಾರಿಸಲಿಲ್ಲ. ಜೂನ್ ಕೊನೆಯಲ್ಲಿ ಆತನ ತಾಯಿ ತಮ್ಮ ಮೃತ ತಂದೆಗಾಗಿ ಪೂಜೆ ಬರೆಯಿಸಲು ಗುರುನಿವಾಸಕ್ಕೆ ಬಂದರು. ಬೀಡಿ ಕಟ್ಟಿ ಮನೆ ನಡೆಸುವ ಹೆಂಗಸು. ಮಗನೆಲ್ಲಿ ಎಂದು ಕೇಳಿದಾಗ, ಪುಣೆಯ ಒಂದು ಬೇಕರಿಯಲ್ಲಿ ಕೆಲಸಕ್ಕೆ ಸೇರಿದ್ದಾನೆ ಎಂದರು. ಅಷ್ಟು ಹೇಳಿ ಎದ್ದು ನಿಂತವರು, ಬಾಗಿಲ ಬಳಿ ತಿರುಗಿ ಕೊಂಕಣಿಯಲ್ಲಿ ಮೆಲ್ಲನೆ ಹೇಳಿದ ಮಾತು ಹೀಗಿತ್ತು: “ರೇಷನ್ ಅಂಗಡಿಗೆ ಹೋಗಬೇಕಾದರೂ ಆ ಬೋರ್ಡಿನ ಕೆಳಗೇ ಹೋಗಬೇಕಿತ್ತು ಫಾದರ್. ಹದಿನೈದು ದಿವಸ ಅವನು ಮನೆಯಿಂದ ಹೊರಗೇ ಬರಲಿಲ್ಲ.”

ಅವರ ಮಾತಿನಲ್ಲಿ ದೂರಿರಲಿಲ್ಲ. ಇದ್ದಿದ್ದರೆ ಉತ್ತರ ಕೊಡುವುದು ನನಗೆ ಸುಲಭವಾಗುತ್ತಿತ್ತು.

ಆತನು ಅನುತ್ತೀರ್ಣನಾಗಿದ್ದುದು ಗಣಿತ ಒಂದರಲ್ಲಿ ಮಾತ್ರ. 2024ರಲ್ಲಿ ಜಾರಿಗೆ ಬಂದ ಕ್ರಮದಂತೆ ಆಗ ನಮ್ಮ ರಾಜ್ಯದಲ್ಲಿ ಎಸ್ಸೆಸ್ಸೆಲ್ಸಿಗೆ ವರ್ಷದಲ್ಲಿ ಮೂರು ಪರೀಕ್ಷೆಗಳಿದ್ದವು. ಎರಡನೆಯದು ಆ ವರ್ಷ ಮೇ ತಿಂಗಳ ಕೊನೆಯ ವಾರದಲ್ಲಿಯೇ ಆರಂಭವಾಗಿತ್ತು. ಫಲಿತಾಂಶದ ಬಳಿಕ ಹೆಸರು ನೋಂದಾಯಿಸಲು ಇದ್ದುದು ಕೆಲವೇ ದಿನಗಳು. ಶಾಲೆಯ ಸೂಚನಾ ಫಲಕದಲ್ಲಿ ಅದನ್ನು ಪ್ರಕಟಿಸಲಾಗಿತ್ತು, ನಿಜ. ಆದರೆ ಮನೆಯಿಂದ ಹೊರಗೇ ಬಾರದ ಹುಡುಗನು ಸೂಚನಾ ಫಲಕವನ್ನು ಓದುವುದೆಂತು? ಒಂದು ದೂರವಾಣಿ ಕರೆ ಸಾಕಾಗಿತ್ತು. ಯಾರೂ ಮಾಡಲಿಲ್ಲ. ಯಾರೂ ಎಂದರೆ ಮೊದಲಾಗಿ ನಾನು.

ಗುರುಮಠದಲ್ಲಿ ತತ್ತ್ವಶಾಸ್ತ್ರ ಓದುತ್ತಿದ್ದಾಗ ಅರಿಸ್ಟಾಟಲನ ಒಂದು ಪ್ರಸಿದ್ಧ ಪ್ರಶ್ನೆ ನಮ್ಮನ್ನು ಬಹಳ ಕಾಡಿಸಿತ್ತು. ‘ನಾಳೆ ಸಮುದ್ರದಲ್ಲಿ ಯುದ್ಧ ನಡೆಯುತ್ತದೆ’ ಎಂಬ ವಾಕ್ಯ ಇಂದು ಸತ್ಯವೋ, ಸುಳ್ಳೋ? ಸತ್ಯವೆಂದರೆ ಯುದ್ಧ ನಡೆಯಲೇಬೇಕು, ಸುಳ್ಳೆಂದರೆ ನಡೆಯಲೇಬಾರದು. ಹಾಗಿದ್ದಲ್ಲಿ ಎಲ್ಲವೂ ಮೊದಲೇ ತೀರ್ಮಾನವಾಗಿರುವಾಗ ಮನುಷ್ಯನು ಆಲೋಚಿಸುವುದೂ ಶ್ರಮಿಸುವುದೂ ವ್ಯರ್ಥವಲ್ಲವೇ? ಯುದ್ಧವು ನಾಳೆ ನಡೆಯುವುದು ಅಥವಾ ನಡೆಯದಿರುವುದು, ಈ ಎರಡರಲ್ಲಿ ಒಂದು ಆಗಿಯೇ ತೀರುವುದು; ಆದರೆ ಇಂಥದ್ದೇ ಆಗಬೇಕೆಂಬುದು ಇಂದೇ ನಿಶ್ಚಿತವಲ್ಲ ಎಂಬುದು ಅರಿಸ್ಟಾಟಲನ ಅಭಿಪ್ರಾಯವೆಂದು ನಮಗೆ ಕಲಿಸಲಾಯಿತು. ಇಪ್ಪತ್ತರ ಹರೆಯದಲ್ಲಿ ನನಗದು ಶುಷ್ಕ ತರ್ಕವೆನಿಸಿತ್ತು. ಈಗ ನೋಡಿದರೆ, ನಮ್ಮ ಮನೆಗಳಲ್ಲಿಯೂ ಶಾಲೆಗಳಲ್ಲಿಯೂ ಹದಿನಾರರ ಮಕ್ಕಳ ನಾಳೆಯನ್ನು ನಾವು ಇಂದೇ ಮುಗಿಸಿಬಿಡುತ್ತಿದ್ದೇವೆ. ಒಬ್ಬಳ ಭಾವಚಿತ್ರದ ಕೆಳಗೆ ‘ಭಾವೀ ವೈದ್ಯೆ’ ಎಂದು ಅಚ್ಚು ಹಾಕಿಸುತ್ತೇವೆ, ಇನ್ನೊಬ್ಬನನ್ನು ‘ಅವನು ಅಷ್ಟೇ’ ಎಂದು ಬಿಟ್ಟುಬಿಡುತ್ತೇವೆ. ವೈದ್ಯೆಯಾಗಲೇಬೇಕಾದ ಆ ಹುಡುಗಿಗೂ ಇದು ಸುಖವಲ್ಲವೆಂಬುದನ್ನು ಪಿಯುಸಿ ಮಕ್ಕಳ ಪಾಪನಿವೇದನೆ ಆಲಿಸುವ ಯಾವ ಗುರುವೂ ಬಲ್ಲನು.

ನಮ್ಮ ಧರ್ಮಸಭೆಯ ಮಹಾಪಂಡಿತನೊಬ್ಬನ ಹದಿನಾರನೆಯ ವರ್ಷ ಹೇಗಿತ್ತು? ಸಂತ ಅಗಸ್ಟೀನರು ಉತ್ತರ ಆಫ್ರಿಕದ ತಾಗಸ್ತೆ ಎಂಬ ಸಣ್ಣ ಊರಿನಲ್ಲಿ 354ರಲ್ಲಿ ಜನಿಸಿದರು. ಸಮೀಪದ ಮದೌರಾದಲ್ಲಿ ಓದುತ್ತಿದ್ದ ಹುಡುಗ ಹದಿನಾರರಲ್ಲಿ ಮನೆಗೆ ಮರಳಬೇಕಾಯಿತು. ಮುಂದಿನ ಓದು ಕಾರ್ಥೇಜ್ ನಗರದಲ್ಲಿ. ತಂದೆ ಪತ್ರೀಸಿಯನ ಕೈಯಲ್ಲಿ ಅದಕ್ಕೆ ತಕ್ಕಷ್ಟು ಹಣವಿರಲಿಲ್ಲ. ಹಣ ಕೂಡಿಸುವವರೆಗೆ ಮಗ ಒಂದು ವರ್ಷ ಮನೆಯಲ್ಲಿ ಸುಮ್ಮನೆ ಕುಳಿತನು. ಆ ವರ್ಷದಲ್ಲಿಯೇ ಗೆಳೆಯರ ಗುಂಪು ಕಟ್ಟಿಕೊಂಡು, ನಡುರಾತ್ರಿ ನೆರೆಯ ತೋಟದ ಪೇರು ಹಣ್ಣುಗಳನ್ನು ಕದ್ದದ್ದು, ತಿನ್ನಲೂ ಅಲ್ಲದೆ ಹಂದಿಗಳಿಗೆ ಎಸೆದದ್ದು. ಮುಂದೆ ಧರ್ಮಾಧ್ಯಕ್ಷರಾದ ಬಳಿಕ ಆತ್ಮನಿವೇದನೆಯ ಗ್ರಂಥದಲ್ಲಿ ಅವರು ಈ ಸಣ್ಣ ಕಳ್ಳತನವನ್ನು ಪುಟಗಟ್ಟಲೆ ಶೋಧಿಸಿದ್ದಾರೆ. ಒಬ್ಬನೇ ಇದ್ದಿದ್ದರೆ ತಾನದನ್ನು ಮಾಡುತ್ತಿರಲಿಲ್ಲವೆಂದೂ ಒಪ್ಪಿಕೊಂಡಿದ್ದಾರೆ. ಹೆತ್ತವರ ಬಗ್ಗೆ ಅವರು ಬರೆದುದು ಇನ್ನೂ ತೀಕ್ಷ್ಣವಾದುದು. ತಂದೆ ತನ್ನ ಶಕ್ತಿಮೀರಿ ಓದಿಸಿದನೆಂದು ಊರು ಹೊಗಳಿತು, ಆದರೆ ಮಗನು ಒಳಗೆ ಏನಾಗುತ್ತಿದ್ದಾನೆಂದು ಆತನು ವಿಚಾರಿಸಲಿಲ್ಲ; ಮಾತುಗಾರಿಕೆಯೊಂದು ಬಂದರೆ ಸಾಕಾಗಿತ್ತು. ಪುಣ್ಯವತಿಯಾದ ತಾಯಿ ಮೋನಿಕಳು ಕೂಡ ಮಗನ ಓದು ಎಲ್ಲಿ ಕೆಡುವುದೋ ಎಂಬ ಲೆಕ್ಕಾಚಾರದಿಂದ ಮುಕ್ತಳಾಗಿರಲಿಲ್ಲ. ತಂದೆತಾಯಿಗಳು ದುಷ್ಟರಾಗಿದ್ದರೆಂದಲ್ಲ, ನಮ್ಮ ನಿಮ್ಮಂಥವರೇ. ಮುಂದೆ ಆತನ ಓದಿಗೆ ನೆರವಾದವರಲ್ಲಿ ರೊಮಾನಿಯಾನುಸ್ ಎಂಬ ಊರಿನ ಧನಿಕನೊಬ್ಬನಿದ್ದನು. ಊರಿನಲ್ಲಿ ಒಬ್ಬನಿಗಾದರೂ ಈ ಹುಡುಗನ ನೆನಪಿತ್ತು ಎಂಬುದನ್ನು ಗಮನಿಸಬೇಕು.

ನಮ್ಮ ಮಕ್ಕಳಿಗೂ ಇಂಥ ಒಂದು ಖಾಲಿ ಕಾಲವಿದೆ. ಪರೀಕ್ಷೆ ಮುಗಿದು ಕಾಲೇಜು ಸೇರುವವರೆಗಿನ ವಾರಗಳು ಎಲ್ಲರಿಗೂ. ಅನುತ್ತೀರ್ಣರಾದವರಿಗೆ ಕೆಲವೊಮ್ಮೆ ಇಡೀ ವರ್ಷ. ಇಂದು ಅದನ್ನು ತುಂಬಿಸಲು ಪೇರು ತೋಟ ಬೇಕಿಲ್ಲ, ಅಂಗೈಯಲ್ಲಿರುವ ಮೊಬೈಲು ಸಾಕು. ಹೆತ್ತವರು ಆಗ ಕೇಳುವುದು ಒಂದೇ ಪ್ರಶ್ನೆ: ಸಾಯನ್ಸೋ, ಕಾಮರ್ಸೋ? ಕಲಾ ವಿಭಾಗದ ಹೆಸರನ್ನು ಹೇಳುವಾಗ ಅನೇಕರ ಧ್ವನಿ ತಗ್ಗುತ್ತದೆ. ಪಾಲಿಟೆಕ್ನಿಕ್ಕಿನಲ್ಲಿ ಮೂರು ವರ್ಷದ ಡಿಪ್ಲೊಮಾ ಮಾಡಿದವನು ಇಂಜಿನಿಯರಿಂಗ್ ಪದವಿಯ ಎರಡನೆಯ ವರ್ಷಕ್ಕೆ ನೇರವಾಗಿ ಸೇರಲು ಅವಕಾಶವಿದೆ. ಐಟಿಐ ಮುಗಿಸಿದವನಿಗೂ ಮುಂದೆ ಡಿಪ್ಲೊಮಾದ ದಾರಿ ಮುಚ್ಚಿಲ್ಲ. ಮನೆಯ ವಿದ್ಯುತ್ ಕೆಟ್ಟಾಗ ಎಲೆಕ್ಟ್ರೀಶಿಯನ್ ಬರುವುದನ್ನೇ ಕಾದು ಕುಳಿತುಕೊಳ್ಳುವ ನಾವು, ಮಗನು ಎಲೆಕ್ಟ್ರೀಶಿಯನ್ ಆಗುತ್ತೇನೆಂದರೆ ಸಂಬಂಧಿಕರಿಗೆ ಏನು ಹೇಳುವುದೆಂದು ಚಿಂತಿಸುತ್ತೇವೆ.

ಈ ವರ್ಷದ ಬೀಳ್ಕೊಡುಗೆಯಲ್ಲಿ ನಾನು ಸಂತ ಕಾರ್ಲೊ ಅಕುಟಿಸ್ ಬಗ್ಗೆ ಮಾತನಾಡಿದೆ. 2025ರ ಸೆಪ್ಟೆಂಬರ್ 7ರಂದು ಸಂತ ಪದವಿಗೇರಿಸಲ್ಪಟ್ಟ ಈ ಇಟಲಿಯ ಬಾಲಕನು ಕಂಪ್ಯೂಟರ್ ಬಲ್ಲವನೆಂದು ಕೇಳಿದೊಡನೆ ಹಿಂದಿನ ಬೆಂಚಿನವರೂ ತಲೆಯೆತ್ತಿದರು. 2006ರಲ್ಲಿ ರಕ್ತದ ಕ್ಯಾನ್ಸರಿನಿಂದ ತೀರಿಕೊಂಡಾಗ ಆತನಿಗೆ ಹದಿನೈದು ವರ್ಷ, ಅಂದರೆ ಎದುರಿಗೆ ಕುಳಿತಿದ್ದವರ ವಯಸ್ಸು. ಪ್ರೌಢಶಾಲೆ ಮುಗಿಯಲಿಲ್ಲ, ಬೀಳ್ಕೊಡುಗೆಯ ದಿನ ಆತನಿಗೆ ಬರಲೇ ಇಲ್ಲ. ‘ದೊಡ್ಡವನಾದ ಮೇಲೆ’ ಎಂಬ ಮಾತಿಗೆ ಕಾಯದೆ ಆತನು ಬಾಳಿದನು ಎಂದಷ್ಟೇ ಹೇಳಿ ಕುಳಿತೆ. ಉಪದೇಶ ಎಂಟು ನಿಮಿಷದಲ್ಲಿ ಮುಗಿದುದಕ್ಕೆ ಮಕ್ಕಳಿಗಿಂತ ಶಿಕ್ಷಕರೇ ಹೆಚ್ಚು ಹರ್ಷಗೊಂಡರೆಂದು ನನ್ನ ಅನುಮಾನ.

ಆದರೆ ಕೆಲಸವಿರುವುದು ಸಮಾರಂಭದ ಮರುದಿನದಿಂದ. ಧರ್ಮಕೇಂದ್ರದ ಪಾಲನಾ ಮಂಡಳಿಯಲ್ಲಿ ಈ ಬಾರಿ ಎರಡು ವಿಷಯಗಳನ್ನು ಇಟ್ಟೆ. ಮೊದಲನೆಯದು, ಫಲಿತಾಂಶದ ದಿನ ಸಂಜೆಯೊಳಗೆ ಪ್ರತಿ ವಾರ್ಡಿನ ಗುರಿಕಾರರು ಪರೀಕ್ಷೆ ಬರೆದ ಎಲ್ಲ ಮಕ್ಕಳ ಮನೆಗೂ ಹೋಗಿಬರುವುದು. ಅಂಕ ಕೇಳಲು ಅಲ್ಲ, ಮರುಪರೀಕ್ಷೆಯ ಅರ್ಜಿ ಯಾರಿಗೆ ಬೇಕು, ಕಾಲೇಜಿನ ಶುಲ್ಕಕ್ಕೆ ಯಾರಲ್ಲಿ ಕಷ್ಟವಿದೆ ಎಂದು ತಿಳಿಯಲು. ಶಾಲೆ ನಮ್ಮದಾದ್ದರಿಂದ ಇತರ ಧರ್ಮೀಯರ ಮನೆಗಳೂ ಇದರಲ್ಲಿ ಸೇರಿವೆ. ಇದಕ್ಕೆ ಎಲ್ಲರೂ ಒಪ್ಪಿದರು. ಎರಡನೆಯದು, ಕೂಡುರಸ್ತೆಯ ಫ್ಲೆಕ್ಸ್ ಬೇಡವೆಂಬುದು. ಇದಕ್ಕೆ ಆಕ್ಷೇಪ ಬಂತು. ತಂದೆಯೊಬ್ಬರು ಎದ್ದು, “ನನ್ನ ಮಗಳು ಬೆಳಿಗ್ಗೆ ನಾಲ್ಕಕ್ಕೆ ಎದ್ದು ಓದುತ್ತಾಳೆ ಫಾದರ್. ಅವಳ ಫೋಟೋ ಹಾಕಿದರೆ ಬೇರೆಯವರಿಗೆ ನೋವಾಗುತ್ತದೆಂದು ಅವಳ ಶ್ರಮವನ್ನು ಮುಚ್ಚಿಡುವುದು ನ್ಯಾಯವೇ?” ಎಂದರು. ನ್ಯಾಯವಾದ ಪ್ರಶ್ನೆಯೇ. ಅದಕ್ಕೆ ಪೂರ್ಣ ಉತ್ತರ ನನ್ನಲ್ಲಿರಲಿಲ್ಲ, ಈಗಲೂ ಇಲ್ಲ. ಚಿತ್ರವನ್ನು ಶಾಲೆಯೊಳಗೆ ಹಾಕುವುದೆಂದು ಸದ್ಯಕ್ಕೆ ತೀರ್ಮಾನವಾಗಿದೆ. ಅವರಿಗೆ ಪೂರ್ತಿ ಸಮಾಧಾನವಾದಂತಿಲ್ಲ.

ಪುಣೆಯ ಹುಡುಗನ ವಿಷಯ. ತಾಯಿಯಿಂದ ನಂಬರು ಪಡೆದು ನಾನೇ ಕರೆ ಮಾಡಿದೆ. ಮೊದಲ ಎರಡು ಸಲ ಆತನು ಎತ್ತಲಿಲ್ಲ. ಮೂರನೆಯ ಸಲ ಎತ್ತಿ, “ಓವನ್ ಹತ್ತಿರ ಇದ್ದೇನೆ ಫಾದರ್, ಆಮೇಲೆ ಮಾತಾಡ್ತೇನೆ” ಎಂದನು; ರಾತ್ರಿ ಹನ್ನೊಂದಕ್ಕೆ ತಾನಾಗಿಯೇ ಮಾತನಾಡಿದನು. ಜುಲೈ ತಿಂಗಳ ಮೂರನೆಯ ಪರೀಕ್ಷೆಗೆ ಆಗಲೇ ಕಾಲ ಮೀರಿತ್ತು. ನಮ್ಮ ನಿವೃತ್ತ ಗಣಿತ ಶಿಕ್ಷಕಿಯೊಬ್ಬರು ಅಕ್ಟೋಬರಿನಿಂದ ವಾರಕ್ಕೆರಡು ಬಾರಿ ದೂರವಾಣಿಯಲ್ಲಿ ಆತನಿಗೆ ಪಾಠ ಹೇಳುತ್ತಿದ್ದಾರೆ. ತ್ರಿಕೋನಮಿತಿ ಇನ್ನೂ ತಲೆಗೆ ಹತ್ತಿಲ್ಲ, ಅಂಕಗಣಿತ ಶ್ರೇಢಿ ಪರವಾಗಿಲ್ಲ ಎಂದು ಅವರ ವರದಿ. ಈ ಬಾರಿಯ ಪರೀಕ್ಷೆಗೆ ಆತನ ಹೆಸರನ್ನು ಶಾಲೆಯ ಮೂಲಕವೇ ಕಳುಹಿಸಲಾಗಿದ್ದು, ಪ್ರವೇಶ ಪತ್ರ ಕಳೆದ ವಾರ ಬಂದಿದೆ. ಬೇಕರಿಯ ಮಾಲಕರು ಹತ್ತು ದಿನಗಳ ರಜೆ ಕೊಟ್ಟಿದ್ದಾರಂತೆ. ಪ್ರವೇಶ ಪತ್ರವನ್ನು ಮುಖ್ಯೋಪಾಧ್ಯಾಯಿನಿಯವರಿಂದ ಪಡೆದು ನನ್ನ ಮೇಜಿನ ಸೆಳೆಖಾನೆಯಲ್ಲಿಟ್ಟಿದ್ದೇನೆ. ಶನಿವಾರ ರಾತ್ರಿಯ ಬಸ್ಸಿನಲ್ಲಿ ಆತನು ಹೊರಡುವನೆಂದು ತಾಯಿ ತಿಳಿಸಿದ್ದಾರೆ.