ಎಂಜಿನ್ನಿಗೆ ಅಭ್ಯಂಜನ ಅವಶ್ಯವೆ?

ಕಾರನ್ನು ವಾರ್ಷಿಕ ಸರ್ವೀಸಿಗೆ ಒಪ್ಪಿಸಿ ಬಂದ ಗೃಹಸ್ಥನಿಗೆ ಮಧ್ಯಾಹ್ನದ ಹೊತ್ತಿಗೆ ದೂರವಾಣಿಯ ಕರೆಯೊಂದು ಬರುವುದುಂಟು. ಅತ್ತ ಕಡೆಯ ವಿನಯಶಾಲಿ ತರುಣನು, “ಥ್ರಾಟಲ್ ಬಾಡಿ ಬಹಳ ಕಪ್ಪಾಗಿದೆ ಸಾರ್, ಎಂಜಿನ್ ಫ್ಲಷಿಂಗ್, ಇಂಜೆಕ್ಟರ್ ಕ್ಲೀನಿಂಗ್, ಡೀಕಾರ್ಬನೈಸಿಂಗ್ ಮೂರನ್ನೂ ಮಾಡಿಸಿಬಿಡುವುದು ಕ್ಷೇಮ” ಎನ್ನುತ್ತಾನೆ. ಆ ಹೆಸರುಗಳ ಗಾಂಭೀರ್ಯಕ್ಕೇ ಕೇಳಿದವನ ಧೈರ್ಯ ಅರ್ಧ ಕುಸಿಯುತ್ತದೆ. ಬೇಡವೆಂದರೆ ಹೆಂಡತಿ ಮಕ್ಕಳೊಡನೆ ಹೊರಟ ಕಾರು ಶಿರಾಡಿ ಘಾಟಿಯಲ್ಲಿ ನಿಂತೀತೆಂಬ ಭಯ; ಬೇಕೆಂದರೆ ಮಗಳ ಕಾಲೇಜಿನ ಶುಲ್ಕಕ್ಕೆ ತೆಗೆದಿರಿಸಿದ ಹಣಕ್ಕೆ ಕೈಯಿಕ್ಕುವ ಸಂಕಟ. ನನ್ನ ಸಹೋದ್ಯೋಗಿಯೊಬ್ಬರು ಇಂಥ ಕರೆಗೆ ‘ಆಗಲಿ’ ಎಂದರು. ಸಂಜೆ ಬಿಲ್ಲು ಬಂದಾಗ ಹೊಸ ಎಣ್ಣೆಗಿಂತ ಈ ಶುಚಿಕಾರ್ಯಗಳಿಗೇ ಹೆಚ್ಚು ಹಣ ತೆತ್ತಿದ್ದುದು ತಿಳಿಯಿತು. ಕಾರು ಓಡಿದ್ದುದಾದರೋ ಕೇವಲ ೧೧,೦೦೦ ಕಿಲೋಮೀಟರು!

ಶುಚಿಕಾರ್ಯವೆಂಬುದು ಬರಿಯ ವಂಚನೆಯೆಂದು ಹೇಳಲಾಗದು. ಅಂಬಾಸಡರ್, ಫಿಯೆಟ್ಟುಗಳ ಕಾಲದಲ್ಲಿ ‘ಡೀಕೋಕಿಂಗ್’ ತಪ್ಪಿಸಲಾರದ ಸಂಸ್ಕಾರವಾಗಿತ್ತು. ಸಿಲಿಂಡರಿನ ತಲೆಯನ್ನು ಬಿಚ್ಚಿ, ಪಿಸ್ಟನ್ನಿಗೂ ವಾಲ್ವುಗಳಿಗೂ ಅಂಟಿದ ಇಂಗಾಲವನ್ನು ಮೇಸ್ತ್ರಿಯು ಕೈಯಾರೆ ಕೆರೆದು ತೆಗೆಯುತ್ತಿದ್ದನು. ಆಗಿನ ಕಾರ್ಬುರೇಟರು ಗಾಳಿ ಪೆಟ್ರೋಲುಗಳನ್ನು ಒರಟು ಅಳತೆಯಲ್ಲಿ ಬೆರೆಸುತ್ತಿತ್ತು, ಪೆಟ್ರೋಲಿನಲ್ಲಿ ಸೀಸವಿತ್ತು, ಎಣ್ಣೆಯ ಗುಣವೂ ಇಂದಿನಷ್ಟು ಉತ್ತಮವಾಗಿರಲಿಲ್ಲ. ೨೦೦೦ದಲ್ಲಿ ಸೀಸದ ಪೆಟ್ರೋಲು ದೇಶದ ಬಂಕುಗಳಿಂದ ಮರೆಯಾಯಿತು. ಇಂಜೆಕ್ಷನ್ ಪದ್ಧತಿ ಬಂದು, ಹೊಗೆಯಲ್ಲಿನ ಆಮ್ಲಜನಕವನ್ನು ಅಳೆದು ಮಿಶ್ರಣವನ್ನು ಕ್ಷಣಕ್ಷಣಕ್ಕೂ ತಿದ್ದುವ ಏರ್ಪಾಡಾಯಿತು. ೨೦೨೦ರ ಏಪ್ರಿಲಿನಲ್ಲಿ ಜಾರಿಯಾದ ಬಿ.ಎಸ್. ೬ ನಿಯಮದೊಡನೆ ಇಂಧನದಲ್ಲಿನ ಗಂಧಕದ ಮಿತಿಯೂ ಹತ್ತು ಲಕ್ಷಕ್ಕೆ ೫೦ ಭಾಗದಿಂದ ೧೦ ಭಾಗಕ್ಕೆ ಇಳಿಯಿತು. ರೋಗವು ಇಳಿಮುಖವಾದರೂ ಔಷಧದ ವ್ಯಾಪಾರ ಏರಿದುದೇ ವಿಚಿತ್ರ.

ಮೊದಲು ಫ್ಲಷಿಂಗಿನ ವಿಚಾರ. ಹಳೆಯ ಎಣ್ಣೆಗೆ ತೆಳುವಾದ ದ್ರಾವಕವೊಂದನ್ನು ಸುರಿದು, ಎಂಜಿನ್ನನ್ನು ಕೆಲವು ನಿಮಿಷ ನಡೆಸಿ, ಎಲ್ಲವನ್ನೂ ಬಸಿಯುತ್ತಾರೆ. ಆದರೆ ಇಂದಿನ ಎಂಜಿನ್ ಎಣ್ಣೆಯಲ್ಲಿ ಕೊಳೆಯನ್ನು ಬಿಡಿಸುವ, ಬಿಡಿಸಿದ್ದನ್ನು ತೇಲಿಸಿಟ್ಟುಕೊಳ್ಳುವ ದ್ರವ್ಯಗಳು ಮೊದಲೇ ಇವೆ. ಕಡ್ಡಿಗೆ ಹತ್ತಿದ ಎಣ್ಣೆ ಕಪ್ಪಾಗಿ ಕಂಡರೆ ಗಾಬರಿಪಡಬೇಕಾಗಿಲ್ಲ. ಅದು ತನ್ನ ಕೆಲಸವನ್ನು ಮಾಡುತ್ತಿದೆ, ಅಷ್ಟೆ. ಕಾಲಕಾಲಕ್ಕೆ ಎಣ್ಣೆ, ಫಿಲ್ಟರುಗಳನ್ನು ಬದಲಿಸಿದ ಕಾರಿಗೆ ಬೇರೆ ಸ್ನಾನ ಬೇಡ. ವರ್ಷಗಟ್ಟಲೆ ಎಣ್ಣೆ ಬದಲಿಸದೆ ಒಳಗೆ ಕೆಸರು ಕಟ್ಟಿದ ಎಂಜಿನ್ನಿನಲ್ಲಿ ಈ ಔಷಧವೇ ಅಪಾಯಕಾರಿಯಾದೀತು. ಒಮ್ಮೆಲೇ ಕಳಚಿದ ಕೆಸರಿನ ತುಣುಕುಗಳು ಎಣ್ಣೆಪಂಪಿನ ಜಾಲರಿಯನ್ನು ಮುಚ್ಚಿದರೆ, ಹಣ ಕೊಟ್ಟು ಬೇನೆಯನ್ನು ತಂದಂತಾಗುವುದು.

ಡೀಕಾರ್ಬನೈಸಿಂಗಿನ ವಿಷಯ ಇಷ್ಟು ಸರಳವಲ್ಲ. ಸಾಮಾನ್ಯ ಇಂಜೆಕ್ಷನ್ನಿನ ಕಾರಿನಲ್ಲಿ ಪೆಟ್ರೋಲು ಒಳಹರಿವಿನ ವಾಲ್ವುಗಳ ಬೆನ್ನ ಮೇಲೆ ಸಿಂಪಡಿಸಲ್ಪಟ್ಟು, ಅವುಗಳನ್ನು ತಾನೇ ತೊಳೆಯುತ್ತಿರುತ್ತದೆ. ನೇರ ಇಂಜೆಕ್ಷನ್ನಿನ ಕಾರಿನಲ್ಲಿ ಪೆಟ್ರೋಲು ಸಿಲಿಂಡರಿಗೇ ನುಗ್ಗುವುದರಿಂದ ಆ ತೊಳೆತವಿಲ್ಲ. ಎಂಜಿನ್ನಿನ ತಳದಿಂದ ಬರುವ ಎಣ್ಣೆಯ ಆವಿ ವಾಲ್ವಿನ ಮೇಲೆ ಬೆಂದು ಗಟ್ಟಿಯಾಗುತ್ತದೆ. ಪೆಟ್ರೋಲ್ ಟ್ಯಾಂಕಿಗೆ ಸುರಿಯುವ ಸೀಸೆಯ ಔಷಧ ಅಲ್ಲಿಗೆ ತಲುಪಲಾರದು. ಬಲವಾಗಿ ಅಂಟಿದ್ದನ್ನು ತೆಗೆಯಲು ಒಳಹರಿವಿನ ಕೊಳವೆಗಳನ್ನು ಬಿಚ್ಚಿ, ಅಕ್ರೋಟಿನ ಚಿಪ್ಪಿನ ಪುಡಿಯನ್ನು ಗಾಳಿಯ ರಭಸದಿಂದ ಹಾಯಿಸುತ್ತಾರೆ. (ಹಣ್ಣಿನ ಚಿಪ್ಪಿಗೂ ಇಂಥ ಸದ್ಗತಿ!) ಡೀಸೆಲ್ ಕಾರುಗಳಲ್ಲಿಯೂ, ಹೊಗೆಯ ಒಂದಂಶವನ್ನು ಮರಳಿ ಒಳಕ್ಕೆ ಕಳುಹಿಸುವ ಏರ್ಪಾಡಿನಿಂದ ಮಸಿಯೂ ಎಣ್ಣೆಯೂ ಬೆರೆತು ಕೊಳವೆಗಳು ಕಟ್ಟಿಕೊಳ್ಳುತ್ತವೆ. ಇವು ನಿಜವಾದ ತೊಂದರೆಗಳು. ಆದರೆ ಬಹುದೂರ ಓಡಿದ ಮೇಲೆ, ಲಕ್ಷಣಗಳೊಡನೆ ತೋರತಕ್ಕವು.

ಆ ಲಕ್ಷಣಗಳಾದರೂ ಯಾವುವು? ಸಿಗ್ನಲ್ಲಿನಲ್ಲಿ ನಿಂತಾಗ ಎಂಜಿನ್ನು ಏರಿಳಿಯುತ್ತ ನಡುಗುವುದು, ಏರಿನಲ್ಲಿ ಶಕ್ತಿ ಕುಂದುವುದು, ಮೈಲೇಜು ಕಾರಣವಿಲ್ಲದೆ ಇಳಿಯುವುದು, ಎಂಜಿನ್ನಿನ ಎಚ್ಚರಿಕೆಯ ದೀಪ ಹತ್ತುವುದು. ದೀಪ ಹತ್ತಿದರೆ ಯಂತ್ರ ಜೋಡಿಸಿ ಸಂಕೇತವನ್ನು ಓದಿಸಬೇಕು. ಅನೇಕ ವೇಳೆ ಹಳೆಯ ಸ್ಪಾರ್ಕ್ ಪ್ಲಗ್ಗು, ಧೂಳು ತುಂಬಿದ ಏರ್ ಫಿಲ್ಟರು, ಗಾಳಿಯಿಳಿದ ಟೈರುಗಳೇ ಅಪರಾಧಿಗಳಾಗಿರುತ್ತವೆ. ಥ್ರಾಟಲ್ಲಿಗೆ ಜಿಡ್ಡು ಹಿಡಿದು ಎಂಜಿನ್ನು ತಡವರಿಸುತ್ತಿದ್ದರೆ ಅದನ್ನು ಒರೆಸುವುದು ನ್ಯಾಯವೇ, ದೊಡ್ಡ ಕೆಲಸವೂ ಅಲ್ಲ. ಕಪ್ಪಾಗಿರುವುದಷ್ಟೇ ಕಾರಣವಾದರೆ, ಅಡಿಗೆಮನೆಯ ಬಾಣಲೆಯ ತಳವೂ ಕಪ್ಪೇ.

ಹೀಗಾಗಿ ಕರೆ ಬಂದಾಗ ಎರಡು ಪ್ರಶ್ನೆ ಕೇಳಬಹುದು: ‘ಯಾವ ದೋಷವನ್ನು ಕಂಡು ಇದನ್ನು ಹೇಳುತ್ತಿದ್ದೀರಿ? ಕಾರಿನೊಡನೆ ಬಂದ ಕೈಪಿಡಿಯ ಯಾವ ಪುಟದಲ್ಲಿ ಇದು ಇದೆ?’ ನಮ್ಮಲ್ಲಿ ಬಹುಮಂದಿ ಆ ಕೈಪಿಡಿಯನ್ನು ಪ್ಲಾಸ್ಟಿಕ್ ಹೊದಿಕೆಯಿಂದ ಹೊರತೆಗೆದವರೇ ಅಲ್ಲ. ಎಷ್ಟು ಕಿಲೋಮೀಟರಿಗೆ ಅಥವಾ ಎಷ್ಟು ತಿಂಗಳಿಗೆ ಯಾವುದನ್ನು ಬದಲಿಸಬೇಕೆಂಬ ಪಟ್ಟಿ ಅದರಲ್ಲಿಯೇ ಇರುತ್ತದೆ.

ಆ ಪಟ್ಟಿಯಲ್ಲಿ ‘ಕಠಿಣ ಬಳಕೆ’ಯೆಂಬ ಒಂದು ಕಲಮು ಇದ್ದರೆ ಅದನ್ನು ಗಮನವಿಟ್ಟು ಓದಬೇಕು. ಬೆಳಿಗ್ಗೆ ಮಕ್ಕಳ ಶಾಲೆಗೆ, ಸಂಜೆ ತರಕಾರಿಗೆ ಎಂದು ಎರಡೆರಡು ಕಿಲೋಮೀಟರು ಮಾತ್ರ ಓಡುವ ಕಾರಿನ ಎಂಜಿನ್ನು ಪೂರ್ತಿ ಕಾಯುವುದೇ ಇಲ್ಲ. ನೀರಿನ ಪಸೆಯೂ ಸುಡದ ಪೆಟ್ರೋಲೂ ಎಣ್ಣೆಯಲ್ಲಿ ಸೇರಿ ಕೆಸರಾಗುವುದು ಹೀಗೆಯೇ. ಅಂಥ ಕಾರಿಗೆ ಕಿಲೋಮೀಟರಿನ ಲೆಕ್ಕ ತುಂಬದಿದ್ದರೂ ತಿಂಗಳ ಲೆಕ್ಕ ಹಿಡಿದು ಎಣ್ಣೆಯನ್ನು ಬದಲಿಸಬೇಕು. ಆಗಾಗ ಭಾನುವಾರದಂದು ಮನೆಯವರೆಲ್ಲರೊಡನೆ ಅರ್ಧ ಗಂಟೆ ಹೆದ್ದಾರಿಯಲ್ಲಿ ಓಡಿಸಿಕೊಂಡು ಬಂದರೆ ಇನ್ನೂ ಒಳ್ಳೆಯದು.