ಕಲ್ಲಿನಡಿಯ ಹುಳಕ್ಕೆ ಹೆಸರಿಡುವವರು ಯಾರು?



ಕಳೆದ ಡಿಸೆಂಬರ್ ರಜೆಯಲ್ಲಿ ಊರಿಗೆ ಹೋಗಿದ್ದೆವು. ಶಿರಸಿ ಕಡೆಯ ನಮ್ಮ ಅಡಿಕೆ ತೋಟದ ಹಳ್ಳದಲ್ಲಿ ಮಗಳು ಕಲ್ಲೊಂದನ್ನು ಎತ್ತಿದಳು. ಅದರಡಿ ಎರಡು ಬಾಲದ ಚಪ್ಪಟೆ ಹುಳ! "ಪಪ್ಪಾ, ಇದಕ್ಕೆ ಕನ್ನಡದಲ್ಲಿ ಏನಂತಾರೆ?" ನನಗೆ ಗೊತ್ತಿರಲಿಲ್ಲ. ಅಮ್ಮನನ್ನು ಕೇಳಿದೆ. "ಹಳ್ಳದ ಹುಳ ಮಾರಾಯ, ಅದಕ್ಕೆಂಥ ಹೆಸರು?" ಎಂದರು. ಬನಿಯಾಸ್‌ನ ಮನೆಯಿಂದ ಅಲ್ ವತ್ಬಾಕ್ಕೆ ಹೋಗಿ ಫ್ಲೆಮಿಂಗೊ ನೋಡಿ ಬರುವ ಮಗುವಿಗೆ ತನ್ನ ತೋಟದ ಹುಳದ ಹೆಸರು ಹೇಳುವವರೇ ಇರಲಿಲ್ಲ.

ವಾಪಸು ಬಂದ ಮೇಲೆ ಓದಿ ತಿಳಿದೆ. ಅದು ಸ್ಟೋನ್‌ಫ್ಲೈ ಮರಿ, ಕಲ್ಲುನೊಣ ಎನ್ನೋಣ. ಹೆಚ್ಚಾಗಿ ಹರಿಯುವ, ತಂಪಾದ, ಶುದ್ಧ ನೀರಿನಲ್ಲಿ ಬದುಕುವ ಜೀವಿ. ನೀರು ಕೆಟ್ಟರೆ ಮೊದಲು ಮಾಯವಾಗುವವುಗಳಲ್ಲಿ ಇದೂ ಒಂದು. ಹೀಗಾಗಿ ಹೊಳೆಯ ಆರೋಗ್ಯ ಅಳೆಯಲು ವಿಜ್ಞಾನಿಗಳು ಇದನ್ನು ಹುಡುಕುತ್ತಾರೆ. ಗುರುತು ಸುಲಭ: ಎರಡು ಬಾಲ, ಪ್ರತಿ ಕಾಲಿನ ತುದಿಗೆ ಎರಡು ಉಗುರು. ಇದರ ಜೊತೆಗೇ ಸಿಗುವ ಮೇಫ್ಲೈ ಮರಿಗೆ ಸಾಮಾನ್ಯವಾಗಿ ಮೂರು ಬಾಲ, ಕಾಲಿಗೆ ಒಂದೇ ಉಗುರು.

"ಇದು ಹೊಸ ಜಾತಿಯಾಗಿದ್ದರೆ ನನ್ನ ಹೆಸರು ಇಡಬಹುದಾ?" ಇದು ಮಗಳ ಮುಂದಿನ ಪ್ರಶ್ನೆ!

ಹೊಸದು ಎಂದು ಹೇಳುವುದೇ ದೊಡ್ಡ ಕೆಲಸ. ದಕ್ಷಿಣ ಭಾರತದ ಹೊಳೆಗಳಲ್ಲಿರುವ ನಿಯೋಪರ್ಲಾ ಕುಲವನ್ನೇ ನೋಡಿ. ಇದರ ಜಾತಿಗಳು ಹೊರನೋಟಕ್ಕೆ ಅಣ್ಣತಮ್ಮಂದಿರಂತೆ. ಬಣ್ಣವನ್ನು ನಂಬುವಂತಿಲ್ಲ, ಆಲ್ಕೋಹಾಲಿನಲ್ಲಿಟ್ಟರೆ ಅದು ಮಾಸುತ್ತದೆ. ಬಲಿತ ಗಂಡು ಬೇಕು. ಅದರ ದೇಹದೊಳಗೆ ಮಡಿಚಿಕೊಂಡಿರುವ ಜನನಾಂಗವನ್ನು ಹೊರತೆಗೆದು, ಅದರ ಮೇಲಿನ ಸೂಕ್ಷ್ಮ ಮುಳ್ಳುಗಳ ಸಾಲನ್ನು ಸೂಕ್ಷ್ಮದರ್ಶಕದಲ್ಲಿ ನೋಡಬೇಕು. ಮೊಟ್ಟೆಯ ಮೇಲಿನ ಕೆತ್ತನೆಯೂ ಒಂದು ಸಾಕ್ಷಿ. ನಂತರ ಹಿಂದೆ ಹೆಸರಿಟ್ಟ ಎಲ್ಲ ಹತ್ತಿರದ ಜಾತಿಗಳ ವಿವರಗಳ ಜೊತೆ, ಸಾಧ್ಯವಾದರೆ ಮ್ಯೂಸಿಯಂಗಳಲ್ಲಿರುವ ಮೂಲ ಮಾದರಿಗಳ ಜೊತೆ ಹೋಲಿಸಬೇಕು. ಮರಿ ಮತ್ತು ನೊಣ ಒಂದೇ ಜಾತಿಯವೇ ಎಂದು ತಿಳಿಯಲು ಈಗ ಡಿಎನ್‌ಎ ನೆರವಿದೆ.

ಎಲ್ಲಕ್ಕಿಂತ ಭಿನ್ನವೆಂದು ಖಚಿತವಾದರೆ ಒಂದು ಮಾದರಿಯನ್ನು 'ಹೋಲೋಟೈಪ್' ಎಂದು ಆರಿಸಿ, ವಿವರಣೆ ಬರೆದು ಪ್ರಕಟಿಸಬೇಕು. ಮುಂದೆ ಯಾರಿಗೇ ಅನುಮಾನ ಬಂದರೂ ಅದೇ ಅಂತಿಮ ಸಾಕ್ಷಿ. ಭಾರತದ 2002ರ ಜೈವಿಕ ವೈವಿಧ್ಯ ಕಾಯ್ದೆಯ ಪ್ರಕಾರ ಮಾದರಿಯನ್ನು ಸರಕಾರ ಗೊತ್ತುಮಾಡಿದ ಸಂಸ್ಥೆಗೆ ಒಪ್ಪಿಸಲೇಬೇಕು. ಹೆಸರಿಡುವವರು ತಮ್ಮದೇ ಹೆಸರು ಇಟ್ಟುಕೊಳ್ಳುವುದು ಸಂಪ್ರದಾಯವಲ್ಲ. ಬೇರೆಯವರು ಗೌರವದಿಂದ ಇಡಬಹುದು. ಮಗಳಿಗೆ ಸ್ವಲ್ಪ ಬೇಸರವಾಯಿತು!

ಆದರೆ ನಮ್ಮ ನುಡಿ ಆ ಜಗತ್ತಿನ ಪಟ್ಟಿ ಸೇರಿದೆ, ಗೊತ್ತೇ? ಉತ್ತರ ಕನ್ನಡದ ಕತ್ತಲೆಕಾನಿನಲ್ಲಿ ಕಂಡ ಪುಟ್ಟ ಕಪ್ಪೆಯೊಂದನ್ನು 2014ರಲ್ಲಿ ಕೆ.ವಿ. ಗುರುರಾಜ ಮತ್ತು ಸಂಗಡಿಗರು ಹೊಸ ಜಾತಿ ಎಂದು ವಿವರಿಸಿದರು. ಇದರ ಗಂಡು ಕಪ್ಪೆ ಮುಂಗಾಲಿನಿಂದ ಕೆಸರು ತೆಗೆದು ಮೊಟ್ಟೆಗಳಿಗೆ ಮೆತ್ತುತ್ತದೆ. ಅವರು ಇಟ್ಟ ಹೆಸರು ನಿಕ್ಟಿಬ್ಯಾಟ್ರಾಕಸ್ ಕುಂಬಾರ! ಮಡಕೆ ಮಾಡುವ ನಮ್ಮ ಕುಂಬಾರನೇ. 2006ರಲ್ಲಿ ತ್ರೇಸಿಯಮ್ಮ ವರ್ಗೀಸ್ ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿ ಸಿಕ್ಕ ಇರುವೆಗೆ ಡೈಲೋಬೊಕಾಂಡೈಲಾ ಬ್ಯಾಂಗಲೋರಿಕಾ ಎಂದು ಹೆಸರಿಟ್ಟರು. ಮಹಾನಗರದ ನಡುವೆಯೂ ಹೊಸ ಜೀವಿ!

ಮರಳುಗಾಡಿನಲ್ಲಿ ಏನಿದೆ ಎನ್ನಬೇಡಿ. ಆಂಟೋನಿಯಸ್ ವಾನ್ ಹಾರ್ಟೆನ್ ಅವರ ಸಂಪಾದಕತ್ವದಲ್ಲಿ 2008ರಿಂದ ಹೊರಬಂದ ಯುಎಇ ಕೀಟ ಸಂಪುಟಗಳಲ್ಲಿ ಈ ನೆಲದ ಎಷ್ಟೋ ಹೊಸ ಜಾತಿಗಳು ಮೊದಲ ಬಾರಿ ಹೆಸರು ಪಡೆದವು.

ಮೊನ್ನೆ ಫೋನಿನಲ್ಲಿ ಅಮ್ಮ ಹೇಳಿದರು, ಹಳ್ಳದ ನೀರು ಈಗ ಮಾರ್ಚಿಗೇ ಬತ್ತುತ್ತಿದೆಯಂತೆ. ಹೆಸರಿಡುವ ಮೊದಲೇ ಹುಳ ಹೋಗಿಬಿಟ್ಟರೆ, ಅದು ಇತ್ತು ಎಂದು ಹೇಳಲೂ ಯಾರಿರುವುದಿಲ್ಲ. ಮುಂದಿನ ರಜೆಗೆ ಊರಿಗೆ ಹೋದಾಗ ಮಕ್ಕಳನ್ನು ಮಾಲ್‌ಗೆ ಮಾತ್ರವಲ್ಲ, ಹಳ್ಳಕ್ಕೂ ಕರೆದೊಯ್ಯಿರಿ. ಕಲ್ಲು ಎತ್ತಿ ನೋಡಲಿ, ಫೋಟೋ ತೆಗೆಯಲಿ. ಆದರೆ ಕಲ್ಲನ್ನು ಮತ್ತೆ ಹಾಗೆಯೇ ಇಡಲು ಹೇಳಿಕೊಡಿ. ಅದು ಯಾರದೋ ಮನೆ.

ಸಿರಿಗನ್ನಡಂ ಗೆಲ್ಗೆ!