ಸಾವಿರ ಸಿಡಿಗೆ ಒಂದು ಪುಟ್ಟ ಪೆಟ್ಟಿಗೆ

ಕಪಾಟಿನ ತುಂಬ ಸಿಡಿಗಳು. ಬೇಕಾದ ರಾಗ ಹುಡುಕುವಷ್ಟರಲ್ಲಿ ಕೇಳುವ ಉಮೇದೇ ಇಳಿದಿರುತ್ತದೆ. ಇದಕ್ಕೆ ಪರಿಹಾರ ನ್ಯಾಸ್: ಮನೆಯ ರೌಟರ್‌ಗೆ ಜೋಡಿಸುವ, ಹಾರ್ಡ್‌ಡಿಸ್ಕ್‌ಗಳಿರುವ ಪುಟ್ಟ ಪೆಟ್ಟಿಗೆ. ಸಿಡಿಗಳ ಸಂಗೀತವನ್ನೆಲ್ಲ ಫೈಲ್ ಮಾಡಿ ಅದರಲ್ಲಿ ತುಂಬಿಟ್ಟರಾಯಿತು.

ಸಿಡಿಯ ಸಂಗೀತಕ್ಕೆ ನಿಮಿಷಕ್ಕೆ ಸುಮಾರು 10 ಎಂಬಿ ಜಾಗ ಬೇಕು. 2001ರಲ್ಲಿ ಬಂದ ಫ್ಲ್ಯಾಕ್ ಎಂಬ ಫೈಲ್ ಮಾದರಿ ಅದನ್ನು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಸುತ್ತದೆ. ದನಿಯ ಒಂದು ಬಿಟ್ ಕೂಡ ಕಳೆಯುವುದಿಲ್ಲ. ಸಾವಿರ ಸಿಡಿಗೆ 400 ಜಿಬಿ ಆಸುಪಾಸು ಸಾಕು.

ಇನ್ನು ವೇಗ. 24 ಬಿಟ್, 192 ಕಿಲೋಹರ್ಟ್ಜ್‌ನ ಸ್ಟೀರಿಯೊ ಸಂಗೀತಕ್ಕೂ ಸೆಕೆಂಡಿಗೆ 9.2 ಮೆಗಾಬಿಟ್ ಸಾಕು. ಗಿಗಾಬಿಟ್ ನೆಟ್‌ವರ್ಕಿನ ಸಾಮರ್ಥ್ಯ 1000 ಮೆಗಾಬಿಟ್!

ಡಿಸ್ಕ್ ತಿರುಗುವ ಸದ್ದು ಕಿವಿಗೆ ಬೀಳದಂತೆ ಪೆಟ್ಟಿಗೆಯನ್ನು ಬೇರೆ ಕೋಣೆಯಲ್ಲಿಡಬಹುದು. ಸ್ಟ್ರೀಮರ್ ಎಂಬ ಸಾಧನ ನೆಟ್‌ವರ್ಕ್ ಮೂಲಕ ಅಲ್ಲಿಂದ ಫೈಲ್ ಎಳೆದುಕೊಳ್ಳುತ್ತದೆ. ಡ್ಯಾಕ್ ಎಂಬ ಪರಿವರ್ತಕ ಅದನ್ನು ಅನಲಾಗ್ ಸಂಕೇತವಾಗಿಸಿ ಆಂಪ್ಲಿಫೈಯರ್‌ಗೆ ಕೊಡುತ್ತದೆ.

ಒಂದು ಎಚ್ಚರ. ಎರಡು ಡಿಸ್ಕ್‌ಗಳನ್ನು ಒಂದೇ ಫೈಲನ್ನು ಎರಡರಲ್ಲೂ ಬರೆಯುವ ರೇಡ್ 1ರಲ್ಲಿ ಜೋಡಿಸಿದರೆ, ಒಂದು ಕೆಟ್ಟರೂ ಸಂಗೀತ ಉಳಿಯುತ್ತದೆ. ಆದರೆ ಕೈತಪ್ಪಿ ಅಳಿಸಿದ ಹಾಡು ಎರಡರಿಂದಲೂ ಮಾಯ. ಸಿಡಿಲು ಬಡಿದರೆ ಎರಡೂ ಒಟ್ಟಿಗೇ ಹೋಗಬಹುದು. ಹಾಗಾಗಿ ಇನ್ನೊಂದು ಪ್ರತಿಯನ್ನು ಬಿಡಿ ಡಿಸ್ಕ್‌ಗೆ ಇಳಿಸಿ, ಬೇರೆಯವರ ಮನೆಯಲ್ಲಿಡಿ.